#ಬೆಂಗಳೂರು ಬೇರೆ, #ಬೆಂಗಳೂರಿನಲ್ಲಿ ಬೇರೆ

ಒಬ್ಬರು #ಬೆಂಗಳೂರು ಎಂದು ಹಾಕಿ ಮಳೆಯ ಸುದ್ದಿ ಬರೆಯುತ್ತಾರೆ, ಇನ್ನೊಬ್ಬರು #ಬೆಂಗಳೂರಿನಲ್ಲಿ ಎಂದು ಹಾಕುತ್ತಾರೆ. ನಮಗೆ ಊರು ಒಂದೇ. ಹ್ಯಾಶ್‌ಟ್ಯಾಗ್ ಓದುವ ತಂತ್ರಾಂಶಕ್ಕೆ ಇವೆರಡೂ ಬೇರೆ ಬೇರೆ, ಏಕೆಂದರೆ ಅದು ಅರ್ಥವನ್ನು ನೋಡುವುದಿಲ್ಲ.

ಅದು ಮಾಡುವ ಕೆಲಸ ಇಷ್ಟೇ. ಪೋಸ್ಟ್ ಬಂದೊಡನೆ # ಎಲ್ಲಿದೆ ಎಂದು ಹುಡುಕುತ್ತದೆ. ಅಲ್ಲಿಂದ ಖಾಲಿ ಜಾಗವೋ ಅಲ್ಪವಿರಾಮವೋ ಸಿಗುವವರೆಗಿನ ಅಕ್ಷರಗಳನ್ನು ಎತ್ತಿಕೊಂಡು, ಆ ಹೆಸರಿನ ಪಟ್ಟಿಗೆ ಪೋಸ್ಟಿನ ಸಂಖ್ಯೆಯನ್ನು ಸೇರಿಸುತ್ತದೆ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ. ನಾವು ಟ್ಯಾಗ್ ಒತ್ತಿದಾಗ ಕೋಟಿಗಟ್ಟಲೆ ಪೋಸ್ಟುಗಳನ್ನು ಜಾಲಾಡಬೇಕಿಲ್ಲ, ಸಿದ್ಧವಿರುವ ಪಟ್ಟಿ ತೆರೆದರೆ ಸಾಕು.

ಇಂಗ್ಲಿಷಿನಲ್ಲಿ ಊರಿನ ಹೆಸರು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ಒಂದೇ ವಿಷಯ ನಾಲ್ಕಾರು ಪಟ್ಟಿಗಳಲ್ಲಿ ಚದುರುತ್ತದೆ. ವಾಕ್ಯ ಮುಗಿಸಿ, ಕೊನೆಯಲ್ಲಿ ಪ್ರತ್ಯಯವಿಲ್ಲದ ಟ್ಯಾಗ್ ಹಾಕುವುದೇ ಜಾಣತನ. ಇನ್ನೊಂದು ತೊಡಕು ಯುನಿಕೋಡಿನದು. ಅದರಲ್ಲಿ ನಮ್ಮ ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆಗಳು ‘ಅಕ್ಷರ’ಗಳ ಗುಂಪಿನಲ್ಲಿಲ್ಲ, ‘ಗುರುತು’ಗಳ ಗುಂಪಿನಲ್ಲಿವೆ. ಅಕ್ಷರಗಳನ್ನು ಮಾತ್ರ ಒಪ್ಪುವಂತೆ ಬರೆದ ತಂತ್ರಾಂಶ #ಕನ್ನಡ ಎಂಬುದನ್ನು #ಕನ ಎಂದು ತುಂಡರಿಸಿಬಿಡುತ್ತದೆ!

# ಅನ್ನು ಹೀಗೆ ಬಳಸೋಣವೆಂದು ಟ್ವಿಟರ್‌ನಲ್ಲಿ ಸೂಚಿಸಿದವರು ಕ್ರಿಸ್ ಮೆಸ್ಸಿನಾ, 2007ರ ಆಗಸ್ಟ್ 23ರಂದು. ಐಆರ್‌ಸಿ ಎಂಬ ಹಳೆಯ ಹರಟೆ ಜಾಲದಲ್ಲಿ ಕೋಣೆಗಳ ಹೆಸರಿನ ಮುಂದೆ ಆ ಚಿಹ್ನೆ ಮೊದಲೇ ಇತ್ತು. ಟ್ವಿಟರ್ ಕಂಪನಿಗೆ ಆಗ ಉತ್ಸಾಹವಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೋದ ಕಾಳ್ಗಿಚ್ಚಿನ ಸುದ್ದಿಗೆ ಜನ ಅದನ್ನು ಬಳಸಿದರು. 2009ರಲ್ಲಿ ಟ್ವಿಟರ್ ಹ್ಯಾಶ್‌ಟ್ಯಾಗನ್ನು ಕೊಂಡಿಯಾಗಿಸಿತು. ಫೇಸ್‌ಬುಕ್ ಒಪ್ಪಿಕೊಂಡದ್ದು 2013ರಲ್ಲಿ. ಮೆಸ್ಸಿನಾ ಪೇಟೆಂಟ್ ಪಡೆಯಲಿಲ್ಲ.

‘ಟ್ರೆಂಡಿಂಗ್’ ಲೆಕ್ಕ ಮಾತ್ರ ಬೇರೆ. ಒಟ್ಟು ಎಷ್ಟು ಪೋಸ್ಟ್ ಎನ್ನುವುದಕ್ಕಿಂತ, ಎಂದಿನ ಮಟ್ಟಕ್ಕಿಂತ ಎಷ್ಟು ಬೇಗ ಏರಿತು ಎನ್ನುವುದಕ್ಕೆ ಅಲ್ಲಿ ಬೆಲೆ. ದಿನವೂ ಸಾವಿರಾರು ಜನ ‘ಶುಭೋದಯ’ ಎಂದರೂ ಅದು ಪಟ್ಟಿಯ ಮೇಲಕ್ಕೆ ಬರುವುದಿಲ್ಲ. ಒಂದೇ ಗಂಟೆಯಲ್ಲಿ ಹಠಾತ್ತನೆ ಉಕ್ಕಿದ ಸಣ್ಣ ವಿಷಯ ಬಂದೀತು. ರಾಜಕೀಯ ಪಕ್ಷಗಳ ಐಟಿ ಸೆಲ್‌ಗಳು ನಿಗದಿತ ಸಮಯಕ್ಕೆ ಒಟ್ಟಾಗಿ ಪೋಸ್ಟ್ ಮಾಡುವುದು ಇದಕ್ಕೇ.

ಮತ್ತೆ ಪ್ರತ್ಯಯದ ಮಾತಿಗೆ ಬರೋಣ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಯೋಜನೆಯನ್ನು ವಿರೋಧಿಸಿದವರು #ಸ್ಟೀಲ್‌ಫ್ಲೈಓವರ್‌ಬೇಡ ಎಂದರು, ಅದೂ ರೋಮನ್ ಲಿಪಿಯಲ್ಲಿ. ವಾಕ್ಯದ ಕೊನೆಯ ‘ಬೇಡ’ಕ್ಕೆ ವಿಭಕ್ತಿ ಪ್ರತ್ಯಯ ಹತ್ತುವುದಿಲ್ಲವಾದ್ದರಿಂದ ಪಟ್ಟಿ ಒಡೆಯುವ ಭಯ ಕಡಿಮೆ. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆ ಶ್ರೇಯವೆಲ್ಲ ಟ್ಯಾಗಿಗೆ ಸಲ್ಲದು. ಜನ ರಸ್ತೆಗಿಳಿದು ಮಾನವ ಸರಪಳಿಯನ್ನೂ ಕಟ್ಟಿದ್ದರು.