‘ಸರಸರ ಹೊರಟ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಹತ್ತರಗಿ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ರಸ್ತೆಗಳಲ್ಲಿ ನಸುಕಿನಲ್ಲಿ ಹೋದರೆ ಓಡುತ್ತಿರುವ ಹುಡುಗ ಹುಡುಗಿಯರು ಕಾಣಸಿಗುತ್ತಾರೆ. ಸೇನೆ, ಪೊಲೀಸ್, ಅರೆಸೇನಾ ಪಡೆ, ಗುರಿ ಯಾವುದೇ ಇರಲಿ, ಒಂದು ಪಾಠ ಎಲ್ಲರಿಗೂ ಗೊತ್ತು: ಯಾವ ವೇಗದಲ್ಲಿ ಹೊರಡುತ್ತೇವೆ ಎನ್ನುವುದರ ಮೇಲೆ ಗುರಿ ಮುಟ್ಟುವುದು ನಿಂತಿದೆ. ಎಸ್‌ಎಸ್‌ಸಿ ನಡೆಸುವ ಜಿಡಿ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷರು 5 ಕಿ.ಮೀ. ದೂರವನ್ನು 24 ನಿಮಿಷದೊಳಗೆ ಓಡಬೇಕು. ಮೊದಲ ಕಿಲೋಮೀಟರಿನಲ್ಲೇ ದಮ್ಮು ಖಾಲಿ ಮಾಡಿಕೊಂಡವರ ಪಾಡು ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಮೈದಾನಕ್ಕೆ ಇಳಿಯುವ ಮುಂಚೆ ಲಿಖಿತ ಪರೀಕ್ಷೆ ದಾಟಬೇಕು. 2024ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎನ್ನುವುದು ಸಂತೋಷದ ಸಂಗತಿ. ಆದರೂ 80 ಪ್ರಶ್ನೆಗಳಲ್ಲಿ 20 ಪ್ರಶ್ನೆಗಳು ಇಂಗ್ಲಿಷ್ ಅಥವಾ ಹಿಂದಿ ಭಾಷಾಜ್ಞಾನದವೇ. ಪದವೀಧರರು ಬರೆಯುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೇ 25 ಪ್ರಶ್ನೆ, 50 ಅಂಕ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರ ಕಾಲು ತೊಡರುವುದು ಇಲ್ಲೇ. ಅದರಲ್ಲೂ ‘ಫ್ರೇಸಲ್ ವರ್ಬ್’ ಎಂದರೆ ಅರ್ಧ ಧೈರ್ಯ ಹೋದಂತೆ. ಗೈಡುಗಳಲ್ಲಿ ಎ ಇಂದ ಝಡ್‌ವರೆಗೆ ಪಟ್ಟಿ ಇರುತ್ತದೆ. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಗಾಗುವಷ್ಟರಲ್ಲಿ ಮಾಯ.

ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದೇ ಒಂದು ಗುಂಪನ್ನು ನೋಡೋಣ. ಒಬ್ಬರು ಒಂದು ಜಾಗದಿಂದ ಇಂಥ ವೇಗದಲ್ಲಿ ಹೊರಟರು ಎನ್ನುವುದನ್ನು ಇಂಗ್ಲಿಷ್ ಹೇಗೆ ಹೇಳುತ್ತದೆ?

ಜಾಗ ಬದಲಿಸಿದ ಪದಗಳು

‘ಅವನು ಓಡಿ ಹೋದ’, ‘ಅಜ್ಜ ಕುಂಟುತ್ತಾ ಹೊರಟ’, ‘ಅವಳು ದಾಪುಗಾಲು ಹಾಕುತ್ತಾ ನಡೆದಳು’. ಇವು ನಮ್ಮ ವಾಕ್ಯಗಳು. ಮೊದಲೆರಡರಲ್ಲಿ ಕೊನೆಗೆ ಬರುವ ‘ಹೋದ’, ‘ಹೊರಟ’ ಎಂಬ ಕ್ರಿಯಾಪದಗಳು ಆ ಜಾಗ ಬಿಟ್ಟ ಸಂಗತಿಯನ್ನು ಹೇಳುತ್ತವೆ. ಹೇಗೆ ಎಂಬುದನ್ನು ಅದರ ಮುಂದಿನ ‘ಓಡಿ’, ‘ಕುಂಟುತ್ತಾ’ ಹೇಳುತ್ತವೆ.

ಇಂಗ್ಲಿಷಿನಲ್ಲಿ ಇದೇ ಮಾತು ‘ಹಿ ರ್‍ಯಾನ್ ಆಫ್’, ‘ದಿ ಓಲ್ಡ್ ಮ್ಯಾನ್ ಹಾಬಲ್ಡ್ ಆಫ್’, ‘ಶಿ ಸ್ಟ್ರೋಡ್ ಆಫ್’ ಎಂದಾಗುತ್ತದೆ. ಗಮನಿಸಿ, ವೇಗ ಹೇಳುವ ಪದವೇ ಅಲ್ಲಿ ಮುಖ್ಯ ಕ್ರಿಯಾಪದ. ನಮ್ಮ ‘ಹೋದ’, ‘ಹೊರಟ’ ಎಲ್ಲ ಕುಗ್ಗಿ ‘ಆಫ್’ ಎಂಬ ಪುಟ್ಟ ಪದದಲ್ಲಿ ಕೂತಿವೆ. ಇದು ಗೊತ್ತಿಲ್ಲದೆ ಪದಕ್ಕೆ ಪದ ಇಟ್ಟರೆ ‘ಹಿ ರ್‍ಯಾನ್ ಅಂಡ್ ವೆಂಟ್’ ಎಂಬ ವಾಕ್ಯ ಹುಟ್ಟುತ್ತದೆ. ಅದು ಇಂಗ್ಲಿಷ್ ಅಂಗಿ ತೊಟ್ಟ ಕನ್ನಡ.

ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ಜಗತ್ತಿನ ಭಾಷೆಗಳನ್ನು ಇದೇ ಆಧಾರದ ಮೇಲೆ ಎರಡು ಬಗೆಯಾಗಿ ನೋಡಿದರು. ಸಾಗುವ ದಿಕ್ಕನ್ನು ಕ್ರಿಯಾಪದದಲ್ಲೇ ಇಡುವ ಭಾಷೆಗಳು ಒಂದು ಬಗೆ, ಅದನ್ನು ಪಕ್ಕದ ಪುಟ್ಟ ಪದಕ್ಕೆ ಒಪ್ಪಿಸುವ ಭಾಷೆಗಳು ಇನ್ನೊಂದು. ಇಂಗ್ಲಿಷ್ ಎರಡನೆಯ ಬಗೆಯದು. ನಮ್ಮ ‘ಓಡಿ ಹೋದ’ ಮೊದಲನೆಯ ಬಗೆಗೆ ಹತ್ತಿರ. ಅಂದರೆ ನಮಗೆ ಕಷ್ಟವಾಗುವುದು ದಡ್ಡತನದಿಂದಲ್ಲ. ಎರಡು ಮನೆಗಳಲ್ಲಿ ಒಂದೇ ಸಾಮಾನನ್ನು ಬೇರೆ ಬೇರೆ ಮೂಲೆಯಲ್ಲಿ ಇಟ್ಟಿದ್ದಾರೆ, ಅಷ್ಟೇ.

ಟೋಲ್ ನಾಕಾದಲ್ಲಿ ಪಾಠ

ಈ ಸೂತ್ರ ಮನಸ್ಸಿಗೆ ಇಳಿಯಬೇಕಾದರೆ ಪುಣೆ–ಬೆಂಗಳೂರು ಹೆದ್ದಾರಿಯ ಹತ್ತರಗಿ ಟೋಲ್ ನಾಕಾಕ್ಕಿಂತ ಒಳ್ಳೆಯ ಕ್ಲಾಸ್‌ರೂಮ್ ಇಲ್ಲ. ಅಲ್ಲಿ ಎಲ್ಲ ವಾಹನಗಳೂ ನಿಧಾನವಾಗಿ, ಮತ್ತೆ ಹೊರಡಲೇಬೇಕು. ಕಾರು ಭರ್ರಂತ ಹೋಯಿತು: ‘ಸ್ಪೆಡ್ ಆಫ್’. ಬೈಕು ಸುಂಯ್ ಅಂತ ಹೋಯಿತು: ‘ಝೂಮ್ಡ್ ಆಫ್’. ಸೈಲೆನ್ಸರ್ ಕಿತ್ತ ಬುಲೆಟ್ ಅಬ್ಬರಿಸಿ ಹೋಯಿತು: ‘ರೋರ್ಡ್ ಆಫ್’. ಲೋಡ್ ತುಂಬಿದ ಲಾರಿ ಗುಡುಗುಡು ಎನ್ನುತ್ತಾ ಹೊರಟಿತು: ‘ರಂಬಲ್ಡ್ ಆಫ್’. ಇನ್ನು ಘಟಪ್ರಭಾ ಸ್ಟೇಷನ್ನಿನಿಂದ ರೈಲು ಮೆಲ್ಲಗೆ ಜರುಗುತ್ತಾ ಹೊರಟರೆ ‘ಪುಲ್ಡ್ ಔಟ್’.

ಇಲ್ಲಿ ಇನ್ನೊಂದು ಸಂಗತಿ ಬಯಲಾಗುತ್ತದೆ. ಭರ್ರ, ಸುಂಯ್, ಗುಡುಗುಡು, ಸರಸರ, ಬಿರಬಿರ, ದಡದಡ ಇವೆಲ್ಲ ಹೈಸ್ಕೂಲಿನಲ್ಲಿ ಓದಿದ ಅನುಕರಣಾವ್ಯಯಗಳೇ. ನಾವು ವೇಗವನ್ನು ಕಿವಿಯಿಂದ ಹಿಡಿಯುತ್ತೇವೆ. ಇಂಗ್ಲಿಷ್ ಆ ಸದ್ದನ್ನೇ ಎಷ್ಟೋ ಸಲ ಕ್ರಿಯಾಪದ ಮಾಡಿಬಿಡುತ್ತದೆ. ಝೂಮ್, ರಂಬಲ್ ಎಂದು ಬಾಯಿಬಿಟ್ಟು ಹೇಳಿ ನೋಡಿ, ಸದ್ದು ಕೇಳಿಸುತ್ತದೆ.

ಕುದುರೆ ಕೊಟ್ಟ ಅಳತೆ

ಇನ್ನೊಂದು ದಾರಿ ‘ಸೆಟ್ ಆಫ್ ಅಟ್...’. ‘ಹಿ ಸೆಟ್ ಆಫ್ ಅಟ್ ಎ ರನ್’ ಎಂದರೆ ಹೊರಟದ್ದೇ ಓಟದಲ್ಲಿ. ‘ಅಟ್ ಎ ಬ್ರಿಸ್ಕ್ ಪೇಸ್’ ಎಂದರೆ ಚುರುಕು ಹೆಜ್ಜೆಯಲ್ಲಿ. ‘ಅಟ್ ಎ ಸ್ನೇಲ್ಸ್ ಪೇಸ್’ ಎಂದರೆ ನಮ್ಮ ಆಮೆಗತಿ. ಅವರಿಗೆ ಬಸವನಹುಳು ನೆನಪಾಗುತ್ತದೆ, ನಮಗೆ ಆಮೆ. ‘ಅಟ್ ಬ್ರೇಕ್‌ನೆಕ್ ಸ್ಪೀಡ್’ ಎಂದರೆ ಬಿದ್ದರೆ ಕತ್ತು ಮುರಿಯುವಂಥ ವೇಗ. ನಮ್ಮ ‘ಎದ್ದೆನೋ ಬಿದ್ದೆನೋ’ ಇದಕ್ಕೆ ಹತ್ತಿರದ ನೆಂಟ. ವೇಗದ ಅಳತೆಗೆ ‘ಅಟ್’ ಬರುತ್ತದೆ ಎನ್ನುವುದನ್ನು ನೆನಪಿಡಲು ‘ಅಟ್ 60 ಕಿಲೋಮೀಟರ್ಸ್ ಆ್ಯನ್ ಅವರ್’ ಎಂಬ ಮಾತು ಸಾಕು. ಮೀಟರಿನ ಮುಳ್ಳು ಒಂದು ಬಿಂದುವಿನ ಮೇಲೆ ನಿಲ್ಲುತ್ತದೆ, ಆ ಬಿಂದುವೇ ‘ಅಟ್’.

ಈ ಅಳತೆಗಳಲ್ಲಿ ಹಲವು ಕುದುರೆಯಿಂದ ಬಂದವು. ಕುದುರೆಯ ನಡೆಗೆ ‘ವಾಕ್’, ಹದವಾದ ಓಟಕ್ಕೆ ‘ಟ್ರಾಟ್’, ಅದಕ್ಕಿಂತ ಬಿರುಸಿಗೆ ‘ಕ್ಯಾಂಟರ್’, ಪೂರ್ಣ ವೇಗಕ್ಕೆ ‘ಗ್ಯಾಲಪ್’. ‘ಕ್ಯಾಂಟರ್’ ಹುಟ್ಟಿದ್ದು ಇಂಗ್ಲೆಂಡಿನ ಕ್ಯಾಂಟರ್‌ಬರಿ ಎಂಬ ಊರಿನ ಹೆಸರಿನಿಂದ. ಅಲ್ಲಿಗೆ ಯಾತ್ರೆ ಹೊರಟವರು ಕುದುರೆಯನ್ನು ಆರಾಮಾಗಿ ಓಡಿಸುತ್ತಿದ್ದ ವೇಗ ಅದು. ಜಾತ್ರೆಯ ಗಾಡಿ ಶರ್ಯತ್ತು ನೋಡಿ ಬೆಳೆದ ನಮ್ಮ ಭಾಗದವರಿಗೆ ಇದು ಹೊಸ ಲೋಕವಲ್ಲ. ‘ಗ್ಯಾಲಪ್’ಗೆ ನಮ್ಮಲ್ಲಿ ‘ನಾಗಾಲೋಟ’ ಇದೆ, ನಾಲ್ಕೂ ಕಾಲು ಎತ್ತಿ ಓಡುವ ಓಟ.

ಎಡವುವ ಜಾಗಗಳು

‘ಸೆಟ್ ಆಫ್’ ಮತ್ತು ‘ಸೆಟ್ ಔಟ್’ ಎರಡಕ್ಕೂ ಹೊರಡುವುದು ಎಂದೇ ಅರ್ಥ. ಆದರೆ ಒಂದು ಉದ್ದೇಶ ಇಟ್ಟುಕೊಂಡು ಕೆಲಸಕ್ಕೆ ತೊಡಗುವಾಗ ‘ಸೆಟ್ ಔಟ್ ಟು’ ಬರುತ್ತದೆ, ಅಲ್ಲಿ ‘ಆಫ್’ ಕೂರುವುದಿಲ್ಲ. ನಡೆಯುತ್ತಿದ್ದವನು ಇದ್ದಕ್ಕಿದ್ದಂತೆ ಓಡತೊಡಗಿದರೆ ‘ಬ್ರೋಕ್ ಇನ್‌ಟು ಎ ರನ್’. ಇದು ಹೊರಡುವುದಲ್ಲ, ವೇಗ ಬದಲಿಸುವುದು. ‘ಡ್ಯಾಶ್ಡ್ ಆಫ್’ ಎಂದರೆ ದೌಡಾಯಿಸಿದ; ಅದರ ಮುಂದೆ ‘ಎ ಲೆಟರ್’ ಸೇರಿದರೆ ಅವಸರದಲ್ಲಿ ಪತ್ರ ಗೀಚಿದ ಎಂದಾಗುತ್ತದೆ. ‘ಟುಕ್ ಟು ಹಿಸ್ ಹೀಲ್ಸ್’ ಕಂಡರೆ ಹೆದರಬೇಡಿ, ಅದು ನಮ್ಮ ‘ಕಾಲಿಗೆ ಬುದ್ಧಿ ಹೇಳಿದ’.

ಈ ಮಾತುಗಳು ರಸ್ತೆ ಬಿಟ್ಟು ಕಚೇರಿಗೂ ಬಂದಿವೆ. ಕೆಲಸ ಭರ್ಜರಿಯಾಗಿ ಶುರುವಾದರೆ ‘ಗಾಟ್ ಆಫ್ ಟು ಎ ಫ್ಲೈಯಿಂಗ್ ಸ್ಟಾರ್ಟ್’, ಕುಂಟುತ್ತಾ ಶುರುವಾದರೆ ‘ಎ ಸ್ಲೋ ಸ್ಟಾರ್ಟ್’. ಸಂದರ್ಶನದಲ್ಲಿ ‘ಹಿಟ್ ದಿ ಗ್ರೌಂಡ್ ರನ್ನಿಂಗ್’ ಎಂಬ ಮಾತು ಕಿವಿಗೆ ಬಿದ್ದರೆ, ಸೇರಿದ ದಿನದಿಂದಲೇ ಪೂರ್ತಿ ಹುರುಪಿನಿಂದ ಕೆಲಸ ಮಾಡುವವರು ಬೇಕು ಎಂದರ್ಥ.

ಕನ್ನಡವನ್ನೇ ಮೆಟ್ಟಿಲು ಮಾಡಿ

ಹಾಗಾದರೆ ಓದುವುದು ಹೇಗೆ? ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಮನೆಯಲ್ಲಿ ಆಡುವ ಮಾತನ್ನೇ ಬರೆಯಿರಿ: ‘ಲಗೂನ ಹೊಂಟ’, ‘ಸಾವಕಾಶ ಹೊಂಟ್ಲು’, ‘ಸಿಟ್ಟಿಲೆ ದಡದಡ ಹೋದ’. ಬಲಗಡೆ ವೇಗ ಹೇಳುವ ಇಂಗ್ಲಿಷ್ ಕ್ರಿಯಾಪದ ಹುಡುಕಿ, ಅದಕ್ಕೆ ‘ಆಫ್’ ಸೇರಿಸಿ, ಒಳ್ಳೆಯ ನಿಘಂಟಿನಲ್ಲಿ ತಾಳೆ ನೋಡಿ. ಸಿಟ್ಟಿನಿಂದ ಹೋದದ್ದು ‘ಸ್ಟಾರ್ಮ್ಡ್ ಆಫ್’ ಎಂದು ಒಮ್ಮೆ ಕಂಡುಕೊಂಡರೆ ಆ ಪದ ಮರೆಯುವುದಿಲ್ಲ, ಏಕೆಂದರೆ ಅದರ ಹಿಂದೆ ನೀವು ಕಂಡ ಮನುಷ್ಯನೊಬ್ಬ ಇರುತ್ತಾನೆ. ದಿನಕ್ಕೆ ಐದು ಪದ ಸಾಕು.

ಇಂಗ್ಲಿಷ್ ಬರಬೇಕಾದರೆ ಕನ್ನಡ ಮರೆಯಬೇಕು ಎಂದು ನಮ್ಮಲ್ಲಿ ಎಷ್ಟೋ ಜನ ನಂಬಿದ್ದಾರೆ. ಈ ನಂಬಿಕೆಯಿಂದಲೇ ಹಳ್ಳಿಯ ಜಾಣ ಹುಡುಗರು ಬಾಯಿ ಕಟ್ಟಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ನೂರು ಬಗೆಯಲ್ಲಿ ಹೊರಡುವುದನ್ನು ನಾವು ಹುಟ್ಟಿದೂರಿನಲ್ಲೇ ಕಲಿತಿದ್ದೇವೆ. ಇನ್ನೊಂದು ಭಾಷೆಯಲ್ಲಿ ಅದಕ್ಕೆ ಹೆಸರು ಹುಡುಕುವುದಷ್ಟೇ ಬಾಕಿ. ಆ ಓಟಕ್ಕೆ ಸಾವಕಾಶ ಹೊರಟರೂ ಅಡ್ಡಿಯಿಲ್ಲ, ನಡುವೆ ನಿಲ್ಲಬಾರದು.