ಎರಡು ರಾತ್ರಿ, ಎರಡು ನಾಟಕ: ಯಾವುದಕ್ಕೆ ಹೋಗೋದು?

ಹೋದ ವಾರ ಕೇಳುಗರೊಬ್ಬರು ಮೆಸೇಜ್ ಮಾಡಿದ್ದರು: "ನಮ್ಮೂರಿಗೆ ತಿರುಗಾಟ ಬರ್ತಿದೆ. ಒಂದು ದಿನ ಶೇಕ್ಸ್‌ಪಿಯರ್, ಇನ್ನೊಂದು ದಿನ ಹೊಸ ನಾಟಕ. ಯಾವುದಕ್ಕೆ ಹೋಗ್ಲಿ?" ಎರಡಕ್ಕೂ ಹೋಗಿ ಅಂದೆ. ಯಾಕೆ ಅಂತ ಇವತ್ತು ಹೇಳ್ತೀನಿ.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಹೆಗ್ಗೋಡು ಅನ್ನೋ ಹಳ್ಳಿ ಇದೆ. ಅಲ್ಲಿ 1949ರಲ್ಲಿ ನೀನಾಸಮ್ ಶುರುವಾಯ್ತು. ಅದನ್ನು ಬೆಳೆಸಿದವರು ಕೆ.ವಿ. ಸುಬ್ಬಣ್ಣ. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ತಿರುಗಾಟ ಹೊರಟಿತು. ಮಳೆಗಾಲದಲ್ಲಿ ತಾಲೀಮು, ಆಮೇಲೆ ತಿಂಗಳುಗಟ್ಟಲೆ ಪ್ರವಾಸ. ಇವತ್ತು ರಾಜನಾದ ನಟ ನಾಳೆ ಇನ್ನೊಂದು ನಾಟಕದಲ್ಲಿ ಸೇವಕ. ರಂಗಸಜ್ಜಿಕೆ, ದೀಪ, ವೇಷಭೂಷಣ ಎಲ್ಲ ಜೊತೆಗೇ ಬರುತ್ತೆ. ಊರಲ್ಲಿ ಆಟ ಏರ್ಪಡಿಸೋದು ಅಲ್ಲಿನ ಸಂಘಟಕರು.

ಈಗ ಆ ಸಂಘಟಕರ ಜಾಗದಲ್ಲಿ ನಿಂತು ನೋಡಿ. ಹೊಸ ನಾಟಕ, ಬರೆದವರ ಹೆಸರು ಯಾರೂ ಕೇಳಿಲ್ಲ. ಅದೊಂದನ್ನೇ ಕರೆಸೋಕೆ ಧೈರ್ಯ ಸಾಲಲ್ಲ. ಶೇಕ್ಸ್‌ಪಿಯರ್ ಅಂದ್ರೆ ಜನ ಬರ್ತಾರೆ ಅನ್ನೋ ನಂಬಿಕೆ ಇರುತ್ತೆ. ತಂಡ ಹೇಗೂ ಬಂದಿದೆ, ಊಟ ವಸತಿ ಆಗಿದೆ, ಎರಡನೇ ರಾತ್ರಿಗೆ ಆಗೋ ಹೆಚ್ಚಿನ ಖರ್ಚು ಕಮ್ಮಿ. ಹೀಗೆ ಹಳೇ ಕಥೆಯ ಬೆನ್ನೇರಿ ಹೊಸ ನಾಟಕ ಊರು ಸೇರುತ್ತೆ.

ಹಾಗಂತ ರೂಪಾಂತರ ಬರೀ ಜನ ಸೇರಿಸೋ ಉಪಾಯ ಅಲ್ಲ. ಅನುವಾದದಲ್ಲಿ ಮಾತು ಬದಲಾಗುತ್ತೆ, ರೂಪಾಂತರದಲ್ಲಿ ಊರೇ ಬದಲಾಗುತ್ತೆ. 1930ರ ದಶಕದಲ್ಲಿ ಕುವೆಂಪು 'ರಕ್ತಾಕ್ಷಿ' ಬರೆದಾಗ ಹ್ಯಾಮ್ಲೆಟ್‌ನ ಕಥೆಯನ್ನು ಡೆನ್ಮಾರ್ಕ್‌ನಿಂದ ತಂದು ಬಿದನೂರಿನ ಅರಮನೆಯಲ್ಲಿಟ್ಟರು. ಬಿದನೂರು ಅಂದ್ರೆ ಕೆಳದಿ ಅರಸರ ರಾಜಧಾನಿ, ಈಗಿನ ನಗರ. ಅದೂ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ. ದೂರದ ದೇಶದ ದುಃಖ ಮಲೆನಾಡಿನದ್ದೇ ಆಯ್ತು.

ಆದರೆ ನಮ್ಮ ಕಾಲದ ಕೆಲವು ಸಂಗತಿಗಳನ್ನು ಹೊಸದಾಗೇ ಬರೀಬೇಕು. ಕಾಲೇಜಿನಲ್ಲಿದ್ದಾಗ ನಾನು ಶೇಕ್ಸ್‌ಪಿಯರ್ ಒಂದನ್ನೇ ನೋಡೋಣ ಅಂತ ಹೋಗಿದ್ದೆ. ಮರುದಿನ ಗೆಳತಿ ಎಳ್ಕೊಂಡು ಹೋದಳು. ಅರ್ಧ ಕುರ್ಚಿ ಖಾಲಿ. ರಂಗದ ಮೇಲೆ ಒಬ್ಬಾಕೆ ಥೇಟ್ ನಮ್ಮಜ್ಜಿ ಥರ ಜಗಳ ತೆಗೆದಳು. ನಕ್ಕೆ, ಆಮೇಲೆ ಸುಮ್ಮನಾದೆ. ನಮ್ಮನೆ ಮಾತನ್ನೂ ನಾಟಕ ಮಾಡಬಹುದು ಅಂತ ಗೊತ್ತಾಗಿದ್ದು ಅವತ್ತೇ.

ಸಿನಿಮಾ ತಪ್ಪಿದರೆ ಮೊಬೈಲಲ್ಲಿ ಸಿಗುತ್ತೆ. ಹೊಸ ನಾಟಕಕ್ಕೆ ಆ ಅನುಕೂಲ ಇಲ್ಲ. ಮೊದಲ ವರ್ಷ ಜನ ಬರದಿದ್ದರೆ ಇನ್ನೊಂದು ತಂಡ ಅದನ್ನು ಕೈಗೆತ್ತಿಕೊಳ್ಳೋದು ಕಷ್ಟ. ಈಗ ಎಲ್ಲರಿಗೂ ಗೊತ್ತಿರೋ ನಾಟಕಗಳೂ ಒಂದು ಕಾಲಕ್ಕೆ ಯಾರೂ ಕೇಳದ ಹೊಸ ನಾಟಕಗಳೇ.

ಅದಕ್ಕೇ ಹೇಳಿದ್ದು, ಎರಡಕ್ಕೂ ಹೋಗಿ. ಒಂದಕ್ಕೇ ಬಿಡುವು ಅಂದ್ರೆ ಹೊಸದಕ್ಕೆ ಹೋಗಿ. ಹೇಗಿತ್ತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಕಂತಿನಲ್ಲಿ ಕೇಳಿಸ್ತೀನಿ.