ಬಾಯಿಗೆ ಬಂದ ಅಕ್ಷರ ಕಣ್ಣಿಗೂ ಬರಲಿ

ಬಸ್ಸಿನ ಮುಂದಿನ ಫಲಕದಲ್ಲಿ 'ಕುಣಿಗಲ್' ಎಂದು ಬರೆದಿರುತ್ತದೆ. ಅ ಆ ಇ ಈ ಎಂದು ಶುರುಮಾಡಿ ಳ ತನಕ 49 ಅಕ್ಷರಗಳನ್ನೂ ತಡವರಿಸದೆ ರಾಗವಾಗಿ ಹೇಳುವ ಐದು ವರ್ಷದ ಮಗುವನ್ನು ಅದರ ಎದುರು ನಿಲ್ಲಿಸಿ ನೋಡಿ. ತಾನು ಹಾಡಿದ ಪಟ್ಟಿಯಲ್ಲಿದ್ದ ರೂಪದಲ್ಲೇ ಅದಕ್ಕೆ ಸಿಗುವುದು ಒಂದೇ ಅಕ್ಷರ, ಗ. ಕು, ಣಿ, ಲ್ ಮೂರೂ ಪಟ್ಟಿಯಲ್ಲಿಲ್ಲ. 'ತುಮಕೂರು' ಎಂಬ ಫಲಕದಲ್ಲಿ ಮ ಒಂದೇ. 'ಗುಬ್ಬಿ'ಯಲ್ಲಂತೂ ಯಾವುದೂ ಇಲ್ಲ. ವರ್ಣಮಾಲೆ ಪೂರ್ತಿ ಬಾಯಿಗೆ ಬಂದರೂ ಸ್ವಂತ ಊರಿನ ಹೆಸರು ಓದಲು ಬಾರದ ಈ ಸ್ಥಿತಿ ಮಗುವಿನ ದಡ್ಡತನವಲ್ಲ. ನಮ್ಮ ಲಿಪಿ ಇರುವುದೇ ಹಾಗೆ. 34 ವ್ಯಂಜನಗಳಿಗೆ ತಲಾ 15 ಕಾಗುಣಿತ ರೂಪ ಎಂದರೆ 510 ಆಯಿತು. ಒತ್ತಕ್ಷರಗಳು ಬೇರೆ. ಮಗು ದಿನವೂ ಎದುರಿಸುವ ಬರಹ ಈ ದೊಡ್ಡ ರಾಶಿಯಿಂದ ಬರುತ್ತದೆಯೇ ಹೊರತು ಗೋಡೆಯ ಮೇಲಿನ ಚಾರ್ಟಿನಿಂದಲ್ಲ. ಆದರೂ ಅಂಗನವಾಡಿಯಿಂದ ಕಾನ್ವೆಂಟಿನವರೆಗೆ, ಈಗ ಮೊಬೈಲಿನವರೆಗೆ, ಅಕ್ಷರ ಕಲಿಸುವುದೆಂದರೆ ವರ್ಣಮಾಲೆಯನ್ನು ಹಾಡಿಸುವುದು ಎಂಬ ನಂಬಿಕೆ ಗಟ್ಟಿಯಾಗುತ್ತಿದೆ.

ಹಾಡಿನ ಶಕ್ತಿ ಸಣ್ಣದಲ್ಲ. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡನ್ನೇ ತೆಗೆದುಕೊಳ್ಳಿ. ಅಕ್ಷರದ ಹಂಗಿಲ್ಲದೆ ಕಿವಿಯಿಂದ ಕಿವಿಗೆ ದಾಟಿ ಬಂದ ಹಾಡು ಅದು. ಧಾಟಿ ಪದವನ್ನು ಹಿಡಿದಿಡುತ್ತದೆ, ಒಂದು ಪದ ಮುಂದಿನ ಪದವನ್ನು ಎಳೆದು ತರುತ್ತದೆ. ನೆನಪಿಗೆ ಇದಕ್ಕಿಂತ ಒಳ್ಳೆಯ ಊರುಗೋಲಿಲ್ಲ. ಆದರೆ ಆ ಹಾಡನ್ನು ಉಳಿಸಿಕೊಟ್ಟವರಲ್ಲಿ ಬಹುಪಾಲು ಜನಕ್ಕೆ ಅದನ್ನು ಬರೆದು ತೋರಿಸಿದ್ದರೆ ಓದಲು ಬರುತ್ತಿರಲಿಲ್ಲ. ಹಾಡು ಕಾಯುವುದು ದನಿಯನ್ನು, ರೂಪವನ್ನಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ 1835ರಲ್ಲಿ ಅಚ್ಚಾಗಿ ಇಂದು ಜಗತ್ತೆಲ್ಲ ಹಬ್ಬಿರುವ ಎಬಿಸಿಡಿ ಹಾಡಿನ ಕಥೆಯೂ ಇದೇ. ಎಲ್ ಎಂ ಎನ್ ಓ ಪಿ ಬರುವ ಕಡೆ ರಾಗ ಓಡುವುದರಿಂದ ಎಷ್ಟೋ ಮಕ್ಕಳು ಐದನ್ನೂ ಸೇರಿಸಿ ಒಂದೇ ಪದವೆಂದುಕೊಳ್ಳುತ್ತಾರೆ. ನಮ್ಮ ಮಕ್ಕಳ ಬಾಯಲ್ಲಿ 'ಯರಲವ' ಹಾಗೆಯೇ ಒಂದು ಉಂಡೆ. ನಡುವೆ ತಡೆದು 'ಲ ಯಾವುದು?' ಎಂದು ಕೇಳಿದರೆ ಮಗು ಮತ್ತೆ ಯ ದಿಂದ ಶುರುಮಾಡುತ್ತದೆ.

ಹಾಗಾದರೆ ಬಾಯಿಪಾಠವನ್ನೇ ಬಿಟ್ಟುಬಿಡೋಣವೇ? ಹೊಸ ಶಿಕ್ಷಣದ ಉತ್ಸಾಹಿಗಳು ಹಾಗೆನ್ನುವುದುಂಟು. ನಾನು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ದನಿ ಬೇರೆ. 'ಡಬ್ಲ್ಯು' ಎಂಬ ಹೆಸರಿನಲ್ಲಿ ಆ ಅಕ್ಷರದ ದನಿಯ ಸುಳಿವೇ ಇಲ್ಲ. ಕನ್ನಡದಲ್ಲಿ ಕ ಎಂದರೆ ಕ. ಹೆಸರು ಹೇಳಿದರೆ ದನಿಯನ್ನೂ ಹೇಳಿದಂತಾಯಿತು. ಅದೂ ಅಲ್ಲದೆ ವರ್ಗಾಕ್ಷರಗಳ ಸಾಲು ಬಾಯೊಳಗಿನ ದಾರಿಯನ್ನೇ ಹಿಡಿದು ಸಾಗುತ್ತದೆ. ಕ ಸಾಲು ಗಂಟಲ ಬಳಿ, ಚ ಸಾಲು ಅಂಗುಳಲ್ಲಿ, ಟ ಸಾಲು ನಾಲಿಗೆ ಮಡಚಿದಾಗ, ತ ಸಾಲು ಹಲ್ಲಿಗೆ ತಾಗಿದಾಗ, ಪ ಸಾಲು ತುಟಿ ಸೇರಿದಾಗ. ಇದನ್ನು ಗಟ್ಟಿಯಾಗಿ ಹೇಳಿಸುವುದು ನಾಲಿಗೆಗೆ ಒಳ್ಳೆಯ ಸಾಧನೆ. ಇಂಗ್ಲಿಷ್ ಹಾಡಿಗಿಲ್ಲದ ಈ ಗುಣ ನಮ್ಮ ಬಾಯಿಪಾಠಕ್ಕಿದೆ. ಕೊರತೆ ಇರುವುದು ಬಾಯಿ ಒಂದೇ ದುಡಿದು, ಕಣ್ಣು ಮತ್ತು ಕೈ ಸುಮ್ಮನೆ ಕೂತಾಗ.

ಹಳೆಯ ಕೂಲಿಮಠಗಳಲ್ಲಿ ಬರೀ ಉರುಹೊಡೆಸುತ್ತಿದ್ದರು ಎಂಬ ಮಾತಿದೆ. ದಾಖಲೆ ಹೇಳುವುದು ಬೇರೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಶಾಲೆಗಳ ಬಗ್ಗೆ ಮದರಾಸಿಗೆ ವರದಿ ಕಳಿಸಿದ. ಅವುಗಳಲ್ಲಿ ಕನ್ನಡ ಶಾಲೆಗಳೂ ಬಹಳವಿದ್ದವು. ಯುರೋಪಿನ ಮಕ್ಕಳು ಅಕ್ಷರಮಾಲೆಯನ್ನು ಬಾಯಲ್ಲಿ ಹೇಳಿ ಕಲಿತರೆ ಇಲ್ಲಿಯ ಮಕ್ಕಳು ನೆಲದ ಮರಳಿನ ಮೇಲೆ ಬೆರಳಾಡಿಸಿ ಬರೆದು ಕಲಿಯುತ್ತಾರೆ ಎಂಬುದು ಅವನು ಎದ್ದುಕಾಣುವಂತೆ ಗುರುತಿಸಿದ ವ್ಯತ್ಯಾಸ. ಬೆರಳು ಪಳಗಿದ ಮೇಲೆಯೇ ಓಲೆ, ಕಡತ, ಬಳಪ. ಅದಕ್ಕೂ ಮೊದಲು, 18ನೇ ಶತಮಾನದ ಕೊನೆಯಲ್ಲಿ, ಮದರಾಸಿನ ಅನಾಥಾಲಯ ಶಾಲೆಯೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಇದೇ ಮರಳಿನ ಬರಹವನ್ನು ಕಂಡು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಕ್ರಮದ ಜೊತೆಗೆ ಅದನ್ನು ಇಂಗ್ಲೆಂಡಿಗೆ ಒಯ್ದು 'ಮದರಾಸ್ ಪದ್ಧತಿ' ಎಂದು ಹೆಸರು ಮಾಡಿದ. ಕ್ಯಾಂಪ್‌ಬೆಲ್ ಎಲ್ಲವನ್ನೂ ಹೊಗಳಲಿಲ್ಲ ಎಂಬುದನ್ನೂ ಹೇಳಬೇಕು. ಮಕ್ಕಳು ಹಳೆಯ ನುಡಿಯ ಪದ್ಯಗಳನ್ನು ಅರ್ಥ ಗೊತ್ತಿಲ್ಲದೆ ಗಿಣಿಪಾಠ ಒಪ್ಪಿಸುತ್ತಿದ್ದುದನ್ನು ಅವನು ಟೀಕಿಸಿದ್ದಾನೆ. ಒಂದೇ ವರದಿಯಲ್ಲಿ ಎರಡೂ ಇವೆ: ಕೈ ಸೇರಿದ ಕಡೆ ಕಲಿಕೆ, ಬಾಯಿ ಮಾತ್ರ ಉಳಿದ ಕಡೆ ಗಿಣಿಪಾಠ.

ನನ್ನ ವಾದದ ತಿರುಳು ಇದು. ಕನ್ನಡಕ್ಕೆ ಒಗ್ಗುವ 'ಹಾಡು' ವರ್ಣಮಾಲೆಯದಲ್ಲ, ಕಾಗುಣಿತದ್ದು. ತಲೆಕಟ್ಟು, ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ, ವಟ್ರಸುಳಿ, ಏತ್ವ, ಐತ್ವ, ಓತ್ವ, ಔತ್ವ ಎಂದು ಹಿಂದಿನ ಮೇಷ್ಟ್ರುಗಳು ಹೇಳಿಸುತ್ತಿದ್ದ ಕ್ರಮವನ್ನು ಸ್ವಲ್ಪ ತಾಳ್ಮೆಯಿಂದ ಗಮನಿಸಿ. ಮಗು 'ಕ ಕ್ಕೆ ಕೊಂಬು ಕು' ಎಂದಾಗ ಮೂಲಾಕ್ಷರ, ಅದಕ್ಕೆ ಅಂಟಿದ ಗುರುತು, ಎರಡೂ ಸೇರಿ ಹೊರಡುವ ದನಿ, ಮೂರೂ ಒಂದೇ ಉಸಿರಿನಲ್ಲಿ ಬಂದವು. ಕೊಂಬು ಎಂಬ ಹೆಸರಿನಲ್ಲೇ ಆಕಾರವಿದೆ. ಕ ದಲ್ಲಿ ಇದನ್ನು ತಿಳಿದ ಮಗು ಗ ದಲ್ಲಿ, ಮ ದಲ್ಲಿ ತಾನೇ ಊಹಿಸಬಲ್ಲದು. ಹಾಗಾಗಿ 510 ರೂಪಗಳನ್ನು ಒಂದೊಂದಾಗಿ ಉರುಹೊಡೆಯಬೇಕಿಲ್ಲ. ಊಹೆ ತಪ್ಪುವ ಕಡೆಗಳೂ ಇವೆ. ಪು, ವು ಬರೆಯುವಾಗ ಕೊಂಬು ಕೆಳಗಿನಿಂದ ಸುತ್ತಿಕೊಳ್ಳುತ್ತದೆ. ಬ ದ ಒತ್ತು ಬ ದಂತೆಯೇ ಕಂಡರೆ ತ, ನ, ಮ, ಯ, ರ, ಲ ಗಳ ಒತ್ತುಗಳಿಗೆ ಬೇರೆಯೇ ಮುಖ. ಅಂಥವನ್ನು ಯಾವ ಹಾಡೂ ಕಲಿಸುವುದಿಲ್ಲ, ಕೈ ಹಿಡಿದು ಬರೆಸಬೇಕು. ಕನ್ನಡ ಓದು ಕಲಿಯುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಅಕ್ಷರಜ್ಞಾನ ಒಂದು ಎರಡನೇ ತರಗತಿಗೆ ಮುಗಿಯುವಂಥದ್ದಲ್ಲ, ಮುಂದಿನ ತರಗತಿಗಳಿಗೂ ಹಬ್ಬುತ್ತದೆ. ಯುಕೆಜಿ ಮುಗಿಯುವ ಹೊತ್ತಿಗೆ ಎಲ್ಲ ಬರಬೇಕೆಂದು ಅವಸರಪಡುವ ತಂದೆತಾಯಿಗಳು ಇದನ್ನು ತಿಳಿದರೆ ಮಕ್ಕಳಿಗೆ ತುಸು ನೆಮ್ಮದಿ.

ಇದಕ್ಕೆ ನಲಿ-ಕಲಿಯ ಕಡೆಯಿಂದ ಬರುವ ಆಕ್ಷೇಪ ತೂಕದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿದ ಪದ್ಧತಿ ಅದು. ಕುಣಿಗಲ್, ಗುಬ್ಬಿಯ ಹಳ್ಳಿಶಾಲೆಗಳೂ ಅದರೊಳಗೆ ಬಂದವು. ಅಲ್ಲಿ ಅ ಆ ಇ ಈ ಯಿಂದ ಆರಂಭವಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಐದು ಅಕ್ಷರ ಕಲಿತ ಕೂಡಲೇ ಸರ, ದರ, ಅಗಸ, ಅರಸ, ಗರಗಸ ಓದಬಹುದು. ಬಳಕೆಯಲ್ಲಿ ಅಪರೂಪದ ಝ, ಢಗಳಿಗೂ, ಯಾವ ಪದಕ್ಕೂ ಮೊದಲಾಗದ ಙ, ಞಗಳಿಗೂ ಮ, ರಗಳಷ್ಟೇ ಹೊತ್ತು ಕೊಡುವ ವರ್ಣಮಾಲೆಯ ಹಾಡಿಗಿಂತ ಇದು ಖಂಡಿತ ಜಾಣತನದ ದಾರಿ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈ ದಾರಿಗೂ ಕಾಗುಣಿತವನ್ನು ಬಾಯಿಬಿಟ್ಟು ಹೇಳುವುದಕ್ಕೂ ಜಗಳವೇನಿದೆ? ಐದು ಅಕ್ಷರ ಬಂದ ಮಗು ಆ ಐದಕ್ಕೇ ಇಳಿ, ಗುಡಿಸು, ಕೊಂಬು ಹಚ್ಚಿ ಹೇಳಲಿ, ತಾನೇ ಗೋಡೆಯ ಕೆಳಭಾಗದ ಕರಿಹಲಗೆಯ ಮೇಲೆ ಬರೆಯಲಿ. ವರ್ಣಮಾಲೆಯ ಅನುಕ್ರಮ ನಿಘಂಟು ನೋಡುವಾಗ ಬೇಕು, ಅದನ್ನು ಓದು ಬಂದ ಮೇಲೆ ಹಾಡಿಕೊಂಡರಾಯಿತು. ಹಳೆಯ ಬಾಯಿಪಾಠದ ಕೆಟ್ಟ ಹೆಸರಿಗೆ ಬೆತ್ತವೂ ಕಾರಣ. ಬೆತ್ತ ಹೋಯಿತೆಂದು ಕಾಗುಣಿತವನ್ನೂ ಅದರ ಜೊತೆಗೇ ಕಳಿಸಬೇಕಿರಲಿಲ್ಲ.

ಇನ್ನೊಂದು ತೊಡಕು ನಮ್ಮ ಸೀಮೆಯ ಮಾತಿನದು. ತುಮಕೂರು ಕಡೆಯ ಹಳ್ಳಿಮಾತಿನಲ್ಲಿ ಹ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಹಸು ಅಸುವಾಗುತ್ತದೆ, ಹಗ್ಗ ಅಗ್ಗವಾಗುತ್ತದೆ, ಅಕ್ಕಿಯೂ ಹಕ್ಕಿಯೂ ಒಂದೇ ಆಗುತ್ತವೆ. ಶಾಲೆ ಸಾಲೆ. ಮಹಾಪ್ರಾಣ ಬಹುಪಾಲು ಕನ್ನಡಿಗರ ದಿನದ ಮಾತಿನಲ್ಲೇ ಇಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ 'ಕನ್ನಡ ಬರಹವನ್ನು ಸರಿಪಡಿಸೋಣ' ಪುಸ್ತಕದಲ್ಲಿ ಈ ಅಕ್ಷರಗಳನ್ನೇ ಕೈಬಿಡಬೇಕೆಂದು ವಾದಿಸಿದ್ದು ಇದರಿಂದಲೇ. ಬರಹ ಬದಲಾಗುವವರೆಗೆ ಶಾಲೆ ಏನು ಮಾಡಬೇಕು? ಹಕ್ಕಿಯ ಚಿತ್ರ ನೋಡಿ 'ಅಕ್ಕಿ' ಎಂದ ಮಗುವಿಗೆ ಹ ಕಾರ್ಡು ಯಾಕೆ ಎಂಬುದೇ ಗೊತ್ತಾಗುವುದಿಲ್ಲ. ಎಲ್ಲರೂ ಒಟ್ಟಿಗೆ ರಾಗವಾಗಿ ಹೇಳುವುದು ಇಲ್ಲಿ ನಿಜಕ್ಕೂ ಉಪಕಾರಿ. ಗುಂಪಿನ ದನಿಯಲ್ಲಿ ಮಗು ನಾಚಿಕೆಯಿಲ್ಲದೆ ಅ, ಹ ಎರಡನ್ನೂ ಹೇಳಿ ನೋಡುತ್ತದೆ, ಬಾಯಿಯ ಮುಂದೆ ಕೈ ಹಿಡಿದು ಉಸಿರಿನ ಬೇರೆತನವನ್ನು ತಿಳಿಯುತ್ತದೆ. ಒಬ್ಬರನ್ನೇ ನಿಲ್ಲಿಸಿ ತಿದ್ದಿದರೆ ಮನೆಯ ಮಾತೇ ತಪ್ಪು ಎಂದು ಹೇಳಿದಂತಾಗುತ್ತದೆ. ಅವ್ವನ ಮಾತು ತಪ್ಪಲ್ಲ, ಪುಸ್ತಕದ್ದು ಇನ್ನೊಂದು ಬಗೆ ಎಂದು ಹೇಳುವ ಮೇಷ್ಟ್ರು ಬೇಕು.

ಮೊಬೈಲಿನ ಹಾಡುಗಳಲ್ಲಿ ಚಿತ್ರವೂ ಅಕ್ಷರವೂ ಒಟ್ಟಿಗೆ ಬರುತ್ತವಲ್ಲ, ಕಣ್ಣಿನ ಕೊರತೆ ಅಲ್ಲಿ ತೀರಿತಲ್ಲ ಎನ್ನಬಹುದು. ತೀರುವುದಿಲ್ಲ. ವಿಡಿಯೊ ಮಗುವಿಗಾಗಿ ಕಾಯುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಕುಣಿಯುವ ಆನೆಯ ಮುಂದೆ ಪಕ್ಕದಲ್ಲಿರುವ 'ಆ' ಅಕ್ಷರ ಯಾರಿಗೆ ಕಾಣಬೇಕು? ಇನ್ನು ಕುಣಿಗಲ್ಲಿನಂಥ, ಬೆಂಗಳೂರಿಗೆ ಹೆದ್ದಾರಿಯ ನಂಟಿರುವ ಊರುಗಳಲ್ಲಿ ಎಬಿಸಿಡಿ ಹಾಡು ಮೊದಲು, ಅ ಆ ಇ ಈ ಆಮೇಲೆ ಎಂಬ ಒತ್ತಡವೂ ಇದೆ. 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಇಂಗ್ಲಿಷ್ ಬೇಡ ಎನ್ನುವವನು ನಾನಲ್ಲ. ಆದರೆ ಅಕ್ಷರಕ್ಕೂ ದನಿಗೂ ಇರುವ ನಂಟು ಮಗುವಿಗೆ ಸಲೀಸಾಗಿ ಹೊಳೆಯುವುದು ಹೇಳಿದಂತೆ ಬರೆಯುವ ಲಿಪಿಯಲ್ಲಿ, ಅದರಲ್ಲೂ ತನ್ನ ಮನೆಮಾತಿನಲ್ಲಿ. ಆ ಗುಟ್ಟು ಒಮ್ಮೆ ಹಿಡಿದರೆ ಇಂಗ್ಲಿಷಿನ ಒಡಕುಗಳನ್ನು ಎದುರಿಸುವುದು ಅಷ್ಟು ಕಷ್ಟವಲ್ಲ. ಅದಕ್ಕೇ ತಂದೆತಾಯಿಗಳಲ್ಲಿ ಒಂದು ಕೋರಿಕೆ: ನೆಂಟರ ಮುಂದೆ ಮಗುವಿನಿಂದ ಅ ಆ ಇ ಈ ಹಾಡಿಸಿ ಚಪ್ಪಾಳೆ ತಟ್ಟುವುದರ ಜೊತೆಗೆ, ದಿನಕ್ಕೆ ಹತ್ತು ನಿಮಿಷ ಒಂದು ತಟ್ಟೆಯಲ್ಲಿ ರಾಗಿಯನ್ನೋ ರವೆಯನ್ನೋ ಹರಡಿ ಪಕ್ಕದಲ್ಲಿ ಕೂರಿ. ಮಗು ಒಂದಕ್ಷರ ಬರೆಯಲಿ, ಅದಕ್ಕೆ ಇಳಿಯೋ ಕೊಂಬೋ ಹಚ್ಚಲಿ, ಹಚ್ಚುತ್ತಾ ಗಟ್ಟಿಯಾಗಿ ಹೇಳಲಿ. ಚಾರ್ಟು, ಆಪ್‌ಗಳಿಗೆ ದುಡ್ಡು ಹಾಕುವ ಮೊದಲು ಇದನ್ನು ಒಂದು ತಿಂಗಳು ಮಾಡಿ ನೋಡಿ.